ತಂತಿಯೊಳಗೆ ಉಳಿದ ಬಿಗುವು

ಬ್ರಿಟಿಷರ ಕಾಲದ ಮಾತು. ಮಳೆಗಾಲ ಹಿಡಿಯಿತೆಂದರೆ ಸೈನ್ಯದ ಓಡಾಟ ತಗ್ಗುತ್ತಿತ್ತು, ಮದ್ದುಗುಂಡುಗಳು ಕುದುರೆ ಲಾಯ ಸೇರುತ್ತಿದ್ದವು. ಮಳೆ ಕಳೆದ ಮೇಲೆ ತೆಗೆದು ನೋಡಿದರೆ ಹಿತ್ತಾಳೆಯ ತೋಟಾಗಳಲ್ಲಿ ಬಿರುಕು! ಯಾರೂ ಬಡಿದಿಲ್ಲ, ಬಗ್ಗಿಸಿಲ್ಲ. ‘ಋತುವಿನ ಬಿರುಕು’ ಎಂದೇ ಅದಕ್ಕೆ ಹೆಸರು ಬಿತ್ತು. ಗುಟ್ಟು ಬಿಡಿಸಿದ ಸಂಶೋಧನೆ ಪ್ರಕಟವಾದದ್ದು 1921ರಲ್ಲಿ. ಕುದುರೆ ಗಂಜಲದ ಅಮೋನಿಯಾ ಒಂದು ಕಾರಣ. ಕಾಯಿಸದೆ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಉಳಿದುಹೋದ ಬಿಗುವು ಇನ್ನೊಂದು. ಎರಡೂ ಕೂಡಿದರೆ ಲೋಹ ತಾನಾಗಿ ಸೀಳುತ್ತದೆ. ಹದವಾಗಿ ಕಾಯಿಸಿ ಆ ಬಿಗುವು ಇಳಿಸುವುದೇ ಮದ್ದಾಯಿತು.

ಅದೇ ಬಿಗುವು ಈಗ ಕಡಲಿನ ತೈಲ ಕೊಳವೆಗಳಲ್ಲಿ ಎಂಜಿನಿಯರುಗಳನ್ನು ಕಾಡುತ್ತದೆ. 1974ರಲ್ಲಿ ‘ಸಾಗರ ಸಮ್ರಾಟ್’ ರಿಗ್ ಕೊರೆದಾಗ ತೈಲ ಕಂಡ ಬಾಂಬೆ ಹೈ, ಮುಂಬೈಯಿಂದ ಸುಮಾರು 160 ಕಿ.ಮೀ. ಆಚೆ ಇದೆ. 1976ರ ಮೇ 21ರಂದು ಅಲ್ಲಿ ಉತ್ಪಾದನೆ ಶುರುವಾಯಿತು. ಅಲ್ಲಿಯಂತೆ ಕಡಲ ತಳಕ್ಕೆ ಕಾಲೂರಿ ನಿಂತ ಕಟ್ಟೆಗೆ ಗಡುಸು ಉಕ್ಕಿನ ಕೊಳವೆ ನಡೆಯುತ್ತದೆ. ಆದರೆ 2013ರಲ್ಲಿ ಓಎನ್‌ಜಿಸಿಯ ಡಿ-1 ಕ್ಷೇತ್ರಕ್ಕೆ ಬಂದ ‘ಆರ್ಮಡಾ ಸ್ಟರ್ಲಿಂಗ್’ನಂಥ ತೇಲುವ ಹಡಗು ಅಲೆಯೊಂದಿಗೆ ಏಳುತ್ತದೆ, ಬೀಳುತ್ತದೆ. ಅಂಥ ಕಡೆ ಬಳುಕುವ ಕೊಳವೆಯೇ ಬೇಕು.

ಅದರ ಹಿರಿಯಜ್ಜ 1944ರಲ್ಲಿ ಇಂಗ್ಲಿಷ್ ಕಾಲುವೆಯ ತಳದಲ್ಲಿ ಮಲಗಿತ್ತು: ಫ್ರಾನ್ಸಿಗಿಳಿದ ಸೈನ್ಯಕ್ಕೆ ಪೆಟ್ರೋಲ್ ಸಾಗಿಸಲು, ಸಮುದ್ರ ಕೇಬಲ್ಲಿನ ಮಾದರಿಯಲ್ಲಿ ಸೀಸದ ಕೊಳವೆಗೆ ಉಕ್ಕಿನ ತಂತಿ ಸುತ್ತಿದ್ದರು. 1970ರ ದಶಕದಲ್ಲಿ ಫ್ರೆಂಚರು ಈ ಬಗೆಯ ಕೊಳವೆಯನ್ನು ತೈಲೋದ್ಯಮಕ್ಕೆ ಒಗ್ಗಿಸಿದರು. ಒಳಗೆ ಕೊಂಡಿ ಹಾಕಿದ ಸ್ಟೇನ್‌ಲೆಸ್ ಪಟ್ಟಿ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಸುರುಳಿ ಸುತ್ತಿದ ಉಕ್ಕಿನ ಚಪ್ಪಟೆ ತಂತಿಗಳು, ಹೊರಗೆ ಮತ್ತೆ ಪ್ಲಾಸ್ಟಿಕ್.

ಈ ತಂತಿ ಎಳೆಸಿಕೊಂಡಿದೆ, ಒತ್ತಿಸಿಕೊಂಡಿದೆ, ಬಾಗಿದೆ. ಒಂದೊಂದು ಹಂತವೂ ಒಳಗೆ ಬಿಗುವನ್ನು ಉಳಿಸುತ್ತದೆ. ಕೊಳವೆ ಸಿದ್ಧವಾದ ಮೇಲೆ ನೀರು ತುಂಬಿ ಹೆಚ್ಚಿನ ಒತ್ತಡಕ್ಕೆ ಒಡ್ಡುವ ಪರೀಕ್ಷೆ ಆ ಲೆಕ್ಕವನ್ನು ಮತ್ತೆ ಬದಲಿಸುತ್ತದೆ. ಮೇಲ್ಮೈಯನ್ನು ಹಿಗ್ಗಿಸುವ ಬಿಗುವು ಬಿರುಕಿಗೆ ದಾರಿ ಮಾಡುತ್ತದೆ, ಕುಗ್ಗಿಸುವ ಬಿಗುವು ತಡೆಯುತ್ತದೆ. ಇತ್ತ ಒಳಗಿನ ತೈಲದಿಂದ ಪ್ಲಾಸ್ಟಿಕ್ ದಾಟಿ ಹೈಡ್ರೋಜನ್ ಸಲ್ಫೈಡ್, ನೀರಾವಿ ಮೆಲ್ಲಗೆ ತಂತಿಯ ಬಳಿ ಜಿನುಗುತ್ತವೆ. ಲಾಯದ ಅಮೋನಿಯಾ ಇಲ್ಲಿ ಬೇರೆ ವೇಷದಲ್ಲಿದೆ.

ಅಳೆಯುವುದು ಹೇಗೆ? ಬಿಗುವಿದ್ದಲ್ಲಿ ಪರಮಾಣುಗಳ ಸಾಲುಗಳ ನಡುವಿನ ಅಂತರ ಬದಲಾಗುತ್ತದೆ. ಎಕ್ಸ್-ರೇ ಅದನ್ನು ಓದುತ್ತದೆ. ಆದರೆ ಉಕ್ಕಿನಲ್ಲಿ ಅದರ ದೃಷ್ಟಿ ಕೂದಲೆಳೆಯ ದಪ್ಪವನ್ನೂ ದಾಟದು. ಆಳಕ್ಕಿಳಿಯಲು ಮೇಲ್ಪದರವನ್ನು ಕರಗಿಸುತ್ತ ಹೋಗಬೇಕು. 1934ರಲ್ಲಿ ಜರ್ಮನಿಯ ಮಾಥಾರ್ ಕೊಟ್ಟ ಉಪಾಯ ಇನ್ನೂ ಸರಳ: ಪುಟ್ಟ ತೂತು ಕೊರೆದು, ಸುತ್ತಲ ಲೋಹ ಎಷ್ಟು ಸಡಿಲಿತೆಂದು ನೋಡುವುದು. ನ್ಯೂಟ್ರಾನ್ ಕಿರಣವಾದರೆ ಗಾಯ ಮಾಡದೆಯೇ ಸೆಂಟಿಮೀಟರ್‌ಗಟ್ಟಲೆ ಒಳಹೊಕ್ಕು ನೋಡುತ್ತದೆ. ಲೋಹದ ಒಳರಚನೆಯನ್ನು ಓದಬಲ್ಲ ಅಂಥ ಕಿರಣಗಳ ನೆಲೆ ಮುಂಬೈಯಲ್ಲೇ ಇದೆ: ಟ್ರಾಂಬೆಯಲ್ಲಿ 1985ರಲ್ಲಿ ಚಾಲನೆಗೊಂಡ ಧ್ರುವ ರಿಯಾಕ್ಟರ್.

ಒಂದು ತೊಡಕು ಮಾತ್ರ ಉಳಿಯುತ್ತದೆ. ಅಳೆಯಲು ಕೊಳವೆಯಿಂದ ತಂತಿಯನ್ನು ಕತ್ತರಿಸಿ ತೆಗೆಯಬೇಕು. ತೆಗೆದೊಡನೆ ಅದು ತುಸು ಬಿಚ್ಚಿಕೊಳ್ಳುತ್ತದೆ, ಅಷ್ಟು ಬಿಗುವು ಅಲ್ಲೇ ಹೋಯಿತು. ಅದನ್ನು ಲೆಕ್ಕಕ್ಕೆ ಮರಳಿ ಸೇರಿಸಬೇಕು. ಹಾಗಾಗಿ ಯಂತ್ರ ಹಚ್ಚುವ ಮೊದಲೇ, ತಂತಿ ಎಷ್ಟು ಬಿಚ್ಚಿಕೊಂಡಿತೆಂದು ಬರೆದಿಡುವುದು ಜಾಣತನ.