ಕೆರೆಯ ಮರಿಮೀನುಗಳಿಗೆ ಒಳಶತ್ರುಗಳಿಂದ ಆಗುವ ಹಾನಿ

ಮಳೆಗಾಲದಲ್ಲಿ ಕೆರೆಗೆ ಬಿಟ್ಟ ಕಾಟ್ಲ, ರೋಹು ಮರಿಗಳು ಬೇಸಗೆಯಲ್ಲಿ ಬಲೆಗೆ ಸಿಕ್ಕದಿದ್ದರೆ, ಬಿತ್ತನೆಯೇ ಕೆಟ್ಟದ್ದೆಂದು ದೂರುವುದು ಸಹಜ. ಆದರೆ ಅನೇಕ ವೇಳೆ ಮರಿಗಳನ್ನು ನುಂಗುವ ಜಂತುಗಳು ಮೊದಲೇ ಆ ನೀರಿನಲ್ಲಿ ನೆಲೆಸಿರುತ್ತವೆ. ಸಮುದ್ರತೀರದಲ್ಲಿ ಸಿಂಪಿಗಳನ್ನು ಸಾಕುವವರಿಗೆ ನಕ್ಷತ್ರಮೀನೂ ಚಿಪ್ಪನ್ನು ಕೊರೆಯುವ ಶಂಖದ ಹುಳುವೂ ಎಂತಹ ಶತ್ರುಗಳೋ, ನಮ್ಮ ಕೆರೆಗಳಲ್ಲಿ ಕೊರವ, ಬಾಳೆಮೀನುಗಳೂ ಅಂತಹವೇ.

ಕಾಕನಕೋಟೆಯ ಕಾಡಂಚಿನಲ್ಲಿ, ಕಬಿನಿಯ ಹಿನ್ನೀರಿಗೆ ಸಮೀಪವಾದ ಗ್ರಾಮಗಳವರಿಗೆ ಮೊದಲು ಸಂಶಯ ಹುಟ್ಟುವುದು ನೀರುನಾಯಿ, ನೀರುಕಾಗೆಗಳ ಮೇಲೆ. ಅವು ಮೀನು ತಿನ್ನುವುದು ನಿಜವೇ. ಕಣ್ಣಿಗೆ ಬೀಳುವುದರಿಂದ ಅಪವಾದವೂ ಹೆಚ್ಚು. ನೀರುನಾಯಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಅದನ್ನು ಕೊಲ್ಲುವುದು ಅಪರಾಧವೆಂಬುದನ್ನು ಗ್ರಾಮದ ಮುಖ್ಯಸ್ಥರು ಎಲ್ಲರಿಗೂ ತಿಳಿಸತಕ್ಕದ್ದು.

ಕಾಣದ ಶತ್ರುವಾದ ಕೊರವನ ರೀತಿಯೇ ಬೇರೆ. ಹಾವಿನಂತಹ ತಲೆಯುಳ್ಳ ಈ ಮೀನು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸಬಲ್ಲದು. ನೀರು ಬತ್ತಿದರೂ ಒದ್ದೆ ಕೆಸರಿನಲ್ಲಿ ಅಡಗಿ ಜೀವ ಹಿಡಿದಿರುತ್ತದೆ. ಆದುದರಿಂದ ಬಲೆ ಎಳೆದ ಮಾತ್ರಕ್ಕೆ ಹೊಂಡ ಶುದ್ಧವಾಯಿತೆಂದು ನಂಬಲಾಗದು.

ಇದಕ್ಕೆ ಹಿಪ್ಪೆಯ ಹಿಂಡಿ ಒಳ್ಳೆಯ ಉಪಾಯ. ಹೆಕ್ಟೇರಿಗೆ ಒಂದು ಮೀಟರು ಆಳದ ನೀರಿದ್ದಲ್ಲಿ ಸುಮಾರು 2,500 ಕಿಲೋಗ್ರಾಂ ಹಿಂಡಿಯನ್ನು ನೆನೆಯಿಸಿ ಎಲ್ಲೆಡೆ ಎರಚಬೇಕು. ಅದರಲ್ಲಿರುವ ಸ್ಯಾಪೊನಿನ್ ಎಂಬ ನೊರೆಯ ವಸ್ತುವು ಮೀನಿನ ರಕ್ತಕಣಗಳನ್ನು ಕೆಡಿಸುತ್ತದೆ. ವಿಷವಿಳಿದ ಮೇಲೆ ಹಿಂಡಿಯೇ ಹೊಂಡಕ್ಕೆ ಗೊಬ್ಬರವಾಗುವುದು ವಿಶೇಷ ಲಾಭ. ಆದರೆ ಇದು ಸ್ವಂತ ಹೊಂಡಗಳಿಗೆ ಮಾತ್ರ ತಕ್ಕದ್ದು. ಜನ ಜಾನುವಾರುಗಳು ನೀರು ಕುಡಿಯುವ ಕೆರೆಗೂ, ಹೊಳೆಗೆ ಹರಿಯುವ ನೀರಿಗೂ ಹಾಕಲೇ ಕೂಡದು.

ಎಳೆಯ ಮರಿಗಳನ್ನು ಸಾಕುವ ಹೊಂಡದಲ್ಲಿ ನೀರುಹುಳುಗಳ ಕಾಟವೂ ಕಡಮೆಯಲ್ಲ. ಹೆಕ್ಟೇರಿಗೆ 56 ಕಿಲೋಗ್ರಾಂ ಎಣ್ಣೆಯನ್ನು 18 ಕಿಲೋಗ್ರಾಂ ಸಾಬೂನಿನೊಡನೆ ಕಲಸಿ, ಮರಿ ಬಿಡುವುದಕ್ಕೆ ಒಂದು ದಿನ ಮೊದಲು, ಗಾಳಿಯಿಲ್ಲದ ವೇಳೆಯಲ್ಲಿ ಚೆಲ್ಲಿದರೆ, ನೀರಿನ ಮೇಲೆ ಪೊರೆ ಕಟ್ಟಿ ಉಸಿರಿಗೆ ಮೇಲೆ ಬರುವ ಹುಳುಗಳು ಸಾಯುತ್ತವೆ.

ಊರ ದೊಡ್ಡ ಕೆರೆಗೆ ಈ ಉಪಾಯಗಳು ಸಲ್ಲವು. ಅಲ್ಲಿ ಬೇಸಗೆಯಲ್ಲಿ ನೀರು ತಗ್ಗಿದಾಗ ಕೊರವ, ಬಾಳೆಮೀನುಗಳನ್ನು ಆದಷ್ಟು ಹಿಡಿದು ತೆಗೆದು, ಬೆರಳಗಲದ ಎಳೆಮರಿಗಳಿಗೆ ಬದಲಾಗಿ 10 ಸೆಂಟಿಮೀಟರಿಗೆ ಕಡಮೆಯಿಲ್ಲದ ಬಲಿತ ಮರಿಗಳನ್ನು ಬಿಡುವುದೇ ಉಚಿತ. ಬೆಲೆ ಹೆಚ್ಚಾದರೂ, ನುಂಗಿಹೋದ ಸಾವಿರಕ್ಕಿಂತ ಉಳಿದ ನೂರು ಮೇಲು.

ಹಿಪ್ಪೆಹಿಂಡಿ ಹಾಕಿದ ಹೊಂಡದಲ್ಲಿ ಮೂರು ವಾರ ಕಾದು, ಬಟ್ಟೆಯ ಬಲೆಗೂಡಿನಲ್ಲಿ ನಾಲ್ಕಾರು ಮರಿಗಳನ್ನು ಒಂದು ದಿನ ಇಟ್ಟು ನೋಡಬೇಕು. ಅವು ಬದುಕಿದ್ದರೆ ಮರುದಿನ ಉಳಿದವನ್ನು ಬಿಡಬಹುದು.