ಹಡಗಿನ ತಳದಲ್ಲಿದ್ದ ದೇವರು

ಉಡುಪಿಯಿಂದ ಪಡುವಣಕ್ಕೆ ಐದಾರು ಕಿಲೋಮೀಟರ್ ಹೋದರೆ ಮಲ್ಪೆಯ ಕಡಲು. ಬಸ್ಸಿಳಿದ ಪ್ರವಾಸಿಗರು ನೇರ ಮರಳಿಗೆ ಓಡುತ್ತಾರೆ. ಅಲ್ಲೇ ಹತ್ತಿರ ಬಲರಾಮನ ಗುಡಿಯೊಂದಿದೆ, ಅದನ್ನು ನೋಡುವವರು ಕಡಿಮೆ. ವಡಭಾಂಡೇಶ್ವರ ಎಂದು ಅದರ ಹೆಸರು. ಅಣ್ಣ ಬಲರಾಮ ಕಡಲ ದಂಡೆಯಲ್ಲಿ, ತಮ್ಮ ಕೃಷ್ಣ ಉಡುಪಿಯ ರಥಬೀದಿಯಲ್ಲಿ. ಇಬ್ಬರೂ ಒಂದೇ ಹಡಗಿನಲ್ಲಿ ಬಂದವರು ಎಂಬುದು ನಮ್ಮ ಕಡೆಯ ನಂಬಿಕೆ.

ಆ ಕತೆ ಅಜ್ಜ ಅಜ್ಜಿಯರಿಗೆಲ್ಲ ಗೊತ್ತಿರುತ್ತದೆ. ಮಕ್ಕಳಿಗಾಗಿ ಇನ್ನೊಮ್ಮೆ ಹೇಳುತ್ತೇನೆ.

13ನೆಯ ಶತಮಾನದ ಮಾತು. ಶ್ರೀ ಮಧ್ವಾಚಾರ್ಯರು ಒಂದು ದಿನ ಮಲ್ಪೆಯ ಕಡಲ ತೀರದಲ್ಲಿದ್ದರು. ದ್ವಾರಕೆಯ ಕಡೆಯಿಂದ ಬರುತ್ತಿದ್ದ ಹಡಗೊಂದು ಬಿರುಗಾಳಿಗೆ ಸಿಕ್ಕಿ ಓಲಾಡುತ್ತಿತ್ತು. ಹಡಗಿನವರಿಗೆ ದಿಕ್ಕು ತೋಚದು. ಆಚಾರ್ಯರು ದಂಡೆಯಲ್ಲಿ ನಿಂತು ತಮ್ಮ ಕಾವಿಯ ಮೇಲುವಸ್ತ್ರವನ್ನು ಬೀಸಿದರು. ಅದನ್ನು ಕಂಡು ಹಡಗು ದಡದತ್ತ ತಿರುಗಿತು, ಉಳಿಯಿತು. ಹಡಗಿನ ಯಜಮಾನ ಇಳಿದು ಬಂದು ಕಾಲಿಗೆರಗಿ, ‘ಏನು ಬೇಕೋ ಕೇಳಿ, ಕೊಡುತ್ತೇನೆ’ ಎಂದ. ಆಚಾರ್ಯರು ಚಿನ್ನ ಕೇಳಲಿಲ್ಲ, ಮುತ್ತು ಕೇಳಲಿಲ್ಲ. ಹಡಗಿನ ತಳದಲ್ಲಿದ್ದ ಗೋಪೀಚಂದನದ ಗಡ್ಡೆಗಳನ್ನು ಕೇಳಿದರು. ಗೋಪೀಚಂದನವೆಂದರೆ ದ್ವಾರಕೆಯ ಕಡೆ ಸಿಗುವ ಹಳದಿ ಬಣ್ಣದ ಮಣ್ಣು, ನಾಮ ಹಚ್ಚಿಕೊಳ್ಳುವುದಕ್ಕೆ ಬಳಸುತ್ತಾರೆ. ಆ ಗಡ್ಡೆಗಳ ಒಳಗೆ ಬಲರಾಮನ ಮೂರ್ತಿಯೂ ಕೃಷ್ಣನ ಮೂರ್ತಿಯೂ ಇದ್ದವಂತೆ. ಬಲರಾಮ ಮಲ್ಪೆಯಲ್ಲೇ ನಿಂತ. ಕೈಯಲ್ಲಿ ಕಡಗೋಲು ಹಿಡಿದ ಕೃಷ್ಣ ಉಡುಪಿಗೆ ಬಂದ. ಇಂದಿಗೂ ಕಿಂಡಿಯಿಂದ ನೋಡಿದರೆ ಕಾಣುವುದು ಅವನೇ.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಈ ಕತೆ ಹೇಳಿದಾಗಲೆಲ್ಲ ಯಾವುದಾದರೊಂದು ಮಗು ಕೈ ಎತ್ತಿ ಕೇಳುತ್ತಿತ್ತು: ‘ಟೀಚರ್, ಅಷ್ಟು ದೂರದಿಂದ ಹಡಗಿನಲ್ಲಿ ಮಣ್ಣು ಯಾಕೆ ತಂದರು?’

ದೊಡ್ಡವರು ಈ ಪ್ರಶ್ನೆ ಕೇಳುವುದೇ ಇಲ್ಲ ನೋಡಿ! ನನಗಂತೂ ಇಡೀ ಕತೆಯ ಬೀಗದ ಕೈ ಇದೇ ಪ್ರಶ್ನೆಯಲ್ಲಿದೆ ಅನ್ನಿಸುತ್ತದೆ.

ಮಕ್ಕಳೇ, ಒಂದು ಸಣ್ಣ ಪ್ರಯೋಗ ಮಾಡಿ. ಖಾಲಿ ಪ್ಲಾಸ್ಟಿಕ್ ಬಾಟಲಿಯೊಂದರ ಮುಚ್ಚಳ ಬಿಗಿದು ನೀರು ತುಂಬಿದ ಬಕೆಟಿನಲ್ಲಿ ನೆಟ್ಟಗೆ ನಿಲ್ಲಿಸಲು ನೋಡಿ. ನಿಲ್ಲದು, ಅಡ್ಡ ಬೀಳುತ್ತದೆ. ಈಗ ಅದರೊಳಗೆ ಒಂದೆರಡು ಹಿಡಿ ಮರಳು ಹಾಕಿ ಮತ್ತೆ ತೇಲಿಬಿಡಿ. ಬಾಟಲಿ ಸ್ವಲ್ಪ ಕೆಳಗಿಳಿದು ನೆಟ್ಟಗೆ ನಿಲ್ಲುತ್ತದೆ. ಕೈಯಿಂದ ನೀರು ಕಲಕಿ, ಅಲೆ ಎಬ್ಬಿಸಿ. ವಾಲುತ್ತದೆ, ಮತ್ತೆ ಏಳುತ್ತದೆ. ಎಷ್ಟು ತಳ್ಳಿದರೂ ಎದ್ದು ಕೂರುವ ತಂಜಾವೂರು ಬೊಂಬೆಯ ಗುಟ್ಟೂ ಇದೇ. ಭಾರ ತಳದಲ್ಲಿರಬೇಕು. ಹಿಂದಿನ ಕಾಲದ ಹಡಗುಗಳು ಸರಕು ಸಾಲದಿದ್ದಾಗ ಕಲ್ಲನ್ನೋ ಮರಳನ್ನೋ ಮಣ್ಣನ್ನೋ ತಳದಲ್ಲಿ ತುಂಬಿಕೊಂಡು ಹೊರಡುತ್ತಿದ್ದವು. ಈಗಿನ ದೊಡ್ಡ ಹಡಗುಗಳು ತೊಟ್ಟಿಗಳಿಗೆ ಸಮುದ್ರದ ನೀರನ್ನೇ ಎಳೆದುಕೊಳ್ಳುತ್ತವೆ. ನಾವಿಕರು ಇದನ್ನು ಬ್ಯಾಲಸ್ಟ್ ಎನ್ನುತ್ತಾರೆ. ನಾನು ಮಕ್ಕಳಿಗೆ ‘ತಳಭಾರ’ ಎಂದು ಹೇಳಿಕೊಡುತ್ತಿದ್ದೆ.

ಆ ಹಡಗಿನಲ್ಲಿ ಗೋಪೀಚಂದನ ಇದ್ದದ್ದು ತಳಭಾರಕ್ಕಾಗಿಯೇ ಎಂದು ಹೇಳುತ್ತಾರೆ. ಯೋಚಿಸಿ ನೋಡಿ. ದೇವರು ಹಡಗಿನ ಪಟದಲ್ಲಿರಲಿಲ್ಲ, ಯಜಮಾನನ ಕೋಣೆಯಲ್ಲಿರಲಿಲ್ಲ. ಯಾರೂ ತಿರುಗಿ ನೋಡದ ಕತ್ತಲೆಯ ತಳದಲ್ಲಿ, ಮಣ್ಣಿನ ಮುದ್ದೆಯೊಳಗೆ ಕೂತಿದ್ದ. ಅವನಿದ್ದ ಹಡಗಿಗೂ ಬಿರುಗಾಳಿ ಬಂತು! ಬರಲೇಬಾರದಿತ್ತಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಬಂತು. ಆದರೆ ಹಡಗು ಮಗುಚಲಿಲ್ಲ.

ಮೀನುಗಾರರ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಇದು ನನಗೆ ಬರಿಯ ಪುರಾಣವಾಗಿ ಉಳಿಯಲಿಲ್ಲ. 1960ರ ದಶಕದಲ್ಲಿ ನಾನು ಚಿಕ್ಕವಳು. ಯಂತ್ರದ ದೋಣಿ ಇದ್ದವರು ಆಗ ಕಡಿಮೆ. ಅಪ್ಪನದು ಹುಟ್ಟು ಹಾಕುವ ದೋಣಿ. ದೀಪಾವಳಿ ಕಳೆದ ಒಂದು ಸಂಜೆ ಅಪ್ಪ ಮತ್ತು ಜೊತೆಯವರು ಕಡಲಿಗಿಳಿದ ಮೇಲೆ ಗಾಳಿ ಎದ್ದಿತು. ರಾತ್ರಿಯಾದರೂ ದೋಣಿ ಬರಲಿಲ್ಲ. ಅಜ್ಜಿ ಅಳಲಿಲ್ಲ, ನಮ್ಮನ್ನೂ ಅಳಲು ಬಿಡಲಿಲ್ಲ. ಉದ್ದದ ಬಿದಿರು ತಂದು, ತುದಿಗೆ ಲಾಟೀನು ಕಟ್ಟಿ, ಅಂಗಳದಲ್ಲಿ ನೆಟ್ಟು ಹಗ್ಗ ಬಿಗಿದಳು. ಗಾಳಿಗೆ ಅದು ಎರಡು ಸಲ ನಂದಿತು. ಎರಡು ಸಲವೂ ಇಳಿಸಿ, ಹೊತ್ತಿಸಿ, ಮತ್ತೆ ಏರಿಸಿದಳು. ಆಮೇಲೆ ಜಗಲಿಯಲ್ಲಿ ಕೂತು ಬೊಬ್ಬರ್ಯನನ್ನೂ ಬಲರಾಮನನ್ನೂ ನೆನೆದಳು. ಬೊಬ್ಬರ್ಯ ನಮ್ಮ ಕಡಲಿನ ದೈವ. ಗಾಳಿ ನಿಲ್ಲಲಿ ಎಂದು ಅವಳು ಬೇಡಿದ್ದನ್ನು ನಾನು ಕೇಳಲಿಲ್ಲ. ‘ದೋಣಿಯನ್ನು ಹಿಡಿದುಕೋ, ಹುಡುಗರ ಕೈ ಸೋಲದಂತೆ ನೋಡಿಕೋ’ ಎಂದಷ್ಟೇ ಹೇಳುತ್ತಿದ್ದಳು.

ಬೆಳಗಿನ ಜಾವ ಅಪ್ಪ ಬಂದರು. ದೋಣಿಯಲ್ಲಿ ನಡೆದದ್ದನ್ನು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು. ನೀರು ನುಗ್ಗತೊಡಗಿದಾಗ ಹೊಸ ಹುಡುಗನೊಬ್ಬ ಹೆದರಿ, ಒದ್ದೆ ಬಲೆಯನ್ನೆಲ್ಲ ಕಡಲಿಗೆ ಎಸೆದುಬಿಡೋಣ ಎಂದನಂತೆ. ಹಿರಿಯರು ಬಿಡಲಿಲ್ಲ. ಬಲೆಯನ್ನು ದೋಣಿಯ ನಡುವೆ ತಳಕ್ಕೆ ಒತ್ತಿ ಹಾಸಿ, ನೀರು ಎತ್ತಿ ಚೆಲ್ಲುತ್ತಾ ಕೂತರು. ಆ ಭಾರವೇ ದೋಣಿಯನ್ನು ಅಡ್ಡ ಬೀಳದಂತೆ ಹಿಡಿದದ್ದು. ‘ನಮ್ಮ ಲಾಟೀನು ಕಾಣಿಸಿತಾ?’ ಎಂದು ಕೇಳಿದ್ದೆ. ‘ಬಹಳ ಹೊತ್ತು ಕಾಣಿಸಲಿಲ್ಲ. ಆದರೆ ಅಮ್ಮ ದೀಪ ಇಟ್ಟೇ ಇರುತ್ತಾಳೆ ಎಂದು ಗೊತ್ತಿತ್ತು. ಅದು ಇರಬೇಕಾದ ದಿಕ್ಕಿಗೆ ಹುಟ್ಟು ಹಾಕಿದೆವು’ ಎಂದರು.

ದೇವರ ಮೇಲಿನ ನಂಬಿಕೆ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ದೊಡ್ಡ ಗ್ರಂಥಗಳ ಮಾತು ಬರುವುದಿಲ್ಲ, ಅಪ್ಪನ ಈ ಉತ್ತರ ನೆನಪಾಗುತ್ತದೆ.

ನಂಬಿಕೆ ಇದ್ದವರು ಕಣ್ಣು ಮುಚ್ಚಿಕೊಂಡು ಕಡಲಿಗೆ ಹಾರುತ್ತಾರೆ ಎಂದು ತಿಳಿಯಬೇಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಶ್ರಾವಣದ ನೂಲು ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ. ವಡಭಾಂಡೇಶ್ವರನಿಗೂ ಬೊಬ್ಬರ್ಯನಿಗೂ ಕೈಮುಗಿದು, ಮೆರವಣಿಗೆಯಲ್ಲಿ ದಂಡೆಗೆ ಬಂದು, ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸುತ್ತಾರೆ. ಅದೇ ಕೈಗಳು ಮರುದಿನ ಹವಾಮಾನದ ಮುನ್ಸೂಚನೆ ನೋಡುತ್ತವೆ, ವೈರ್‌ಲೆಸ್ ಸರಿಯಿದೆಯೇ ಎಂದು ಪರೀಕ್ಷಿಸುತ್ತವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಬೀಸುವ ಕಾವಿ ಬಟ್ಟೆ ಈಗ ಮೊಬೈಲಿನಲ್ಲೂ ಬರುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಆಚಾರ್ಯರು ಬಟ್ಟೆ ಬೀಸಿದರು ಸರಿ, ಚುಕ್ಕಾಣಿ ತಿರುಗಿಸಬೇಕಾದವರು ಹಡಗಿನವರೇ ತಾನೆ?

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟದ ಮಾತೊಂದನ್ನು ಬಿಡಬಾರದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ದೋಣಿಯೊಂದು ಮರಳಲಿಲ್ಲ. ಅದರಲ್ಲಿ 7 ಮಂದಿ ಇದ್ದರು. ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಮರುವರ್ಷದ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಕಡಲ ತಳದಲ್ಲಿ ಅದರ ಅವಶೇಷವನ್ನು ಪತ್ತೆ ಮಾಡಿದರು. ಅವರ ಮನೆಗಳಲ್ಲಿ ದೇವರ ದೀಪ ಇರಲಿಲ್ಲವೇ? ಇತ್ತು. ಹಾಗಿದ್ದರೆ ಯಾಕೆ ಎಂದು ಮೊಮ್ಮಕ್ಕಳು ಕೇಳಿದರೆ, ದಯವಿಟ್ಟು ಸುಳ್ಳು ಉತ್ತರ ಕೊಡಬೇಡಿ. ಅವರ ಭಕ್ತಿ ಸಾಲದಾಗಿತ್ತು ಎಂದಂತೂ ಯಾರೂ ಹೇಳಕೂಡದು. ಅದು ನೊಂದವರ ಗಾಯಕ್ಕೆ ಉಪ್ಪು ಸವರಿದಂತೆ. ನಾನು ಕಂಡದ್ದು ಇಷ್ಟು. ಆ ದಿನಗಳಲ್ಲಿ ನೆರೆಯವರು ನೆರೆಯವರನ್ನು ಹಿಡಿದುಕೊಂಡರು, ಜನವರಿಯಲ್ಲಿ ಸಾವಿರಾರು ಮೀನುಗಾರರು ರಸ್ತೆಗಿಳಿದು ‘ನಮ್ಮವರನ್ನು ಹುಡುಕಿಕೊಡಿ’ ಎಂದು ಕೇಳಿದರು. ಮುಂದಿನ ನೂಲು ಹುಣ್ಣಿಮೆಗೆ ಮತ್ತೆ ಕಡಲಿಗೆ ಹಾಲೆರೆದರು. ಕೋಪದಲ್ಲೂ ದುಃಖದಲ್ಲೂ ಎರೆದ ಹಾಲು ಅದು. ಅದರ ಅರ್ಥವನ್ನು ಬಿಡಿಸಿ ಹೇಳುವಷ್ಟು ಜಾಣೆ ನಾನಲ್ಲ.

ನನ್ನ ಪಾಲಿನ ಗಾಳಿ ಬೀಸಿದ್ದು ನೆಲದ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತು. ಮೊದಲ ದಿನಗಳಲ್ಲಿ ದೇವರ ಮುಂದೆ ಕೂತು ನಾನು ದೊಡ್ಡ ಪಟ್ಟಿಯನ್ನೇ ಒಪ್ಪಿಸುತ್ತಿದ್ದೆ: ನಾಳೆ ಏಳಲಿ, ನಾಡಿದ್ದು ನಡೆಯಲಿ, ಮೊದಲಿನಂತಾಗಲಿ. ಒಂದು ಸಂಜೆ ದೀಪಕ್ಕೆ ಎಣ್ಣೆ ಹಾಕುವಾಗ ಅಜ್ಜಿಯ ಬಿದಿರು ನೆನಪಾಯಿತು. ಅಂದಿನಿಂದ ಬೇಡಿಕೆ ಚಿಕ್ಕದಾಯಿತು. ಈ ಹೊತ್ತಿನ ಕೆಲಸಕ್ಕೆ ಕೈಯಲ್ಲಿ ಬಲವಿರಲಿ, ನಾಲಿಗೆ ಸಿಡುಕದಿರಲಿ, ಮುಂದೆ ಏನು ಮಾಡಬೇಕೆಂದು ತೋಚಲಿ. ಸ್ನಾನ, ಔಷಧ, ವ್ಯಾಯಾಮ ಮಾಡಿಸುವ ಹುಡುಗನಿಗೆ ಕಾಫಿ, ಬ್ಯಾಂಕಿನ ಕಾಗದ. ಒಂದಾದ ಮೇಲೊಂದು ಹುಟ್ಟು ಹಾಕಿದ ಹಾಗೆ. ಮನಸ್ಸು ಅಲುಗಾಡದೆ ಇತ್ತೇ? ಚೆನ್ನಾಗಿಯೇ ಅಲುಗಾಡಿತು. ಕೆಲವು ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಿದ್ದೇನೆ. ಬೆಳಗಾದರೆ ಮತ್ತೆ ನೆಟ್ಟಗೆ ನಿಲ್ಲುತ್ತಿದ್ದೆ.

ಏಳನೆಯ ತರಗತಿಯ ಮೊಮ್ಮಗಳು ರಜೆಗೆ ಬಂದಾಗ ಅಜ್ಜನ ಪಕ್ಕದಲ್ಲಿ ಕಾಪಿ ಪುಸ್ತಕ ಇಟ್ಟು ಕೂತಳು. ಎಡಗೈಯಲ್ಲಿ ಅ ಆ ಇ ಈ ಬರೆಸಿದಳು. ಲೆಕ್ಕದ ಪರೀಕ್ಷೆಯೆಂದರೆ ಹೊಟ್ಟೆನೋವು ತಂದುಕೊಳ್ಳುವ ಹುಡುಗಿ ಅವಳು. ಅಜ್ಜನ ‘ಈ’ ಪುಟದಿಂದ ಹೊರಗೆ ಓಡಿದಾಗ, ‘ಪರವಾಗಿಲ್ಲ ಅಜ್ಜ, ಇನ್ನೊಂದು ಸಾಲು’ ಎಂದು ಹೇಳುತ್ತಿದ್ದಳು. ತಾನೂ ಪಕ್ಕದಲ್ಲೇ ಕೂತು ತನ್ನ ಭಿನ್ನರಾಶಿ ಲೆಕ್ಕ ಮಾಡುತ್ತಿದ್ದಳು.

ಬಲಗೈ ಇಂದಿಗೂ ಮಡಿಲಲ್ಲೇ ಇದೆ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಸಂಜೆ ದೇವರ ದೀಪ ಹಚ್ಚುವುದು ಈಗ ಅವರ ಕೆಲಸ. ಕಡ್ಡಿಪೆಟ್ಟಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಕಡ್ಡಿ ಗೀರುತ್ತಾರೆ. ಮೂರು ನಾಲ್ಕು ಕಡ್ಡಿ ಹಾಳಾಗುತ್ತವೆ. ನಾನು ಎದ್ದು ಹೋಗುವುದಿಲ್ಲ.