ಗೇರು ಹೂವಿನ ಎರಡು ಸಿಹಿ

ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಬಸ್ಸಿಳಿದ ಕೂಡಲೇ ಗೇರು ಹೂವಿನ ಪರಿಮಳ. ಜನವರಿಯ ಕೊನೆ, ಬೆಳಗ್ಗೆ ಹತ್ತರ ಬಿಸಿಲು. 1986ರಲ್ಲಿ ಶುರುವಾದ ಗೇರು ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ರಸ್ತೆಯಂಚಿನ ಮರದ ಗೊಂಚಲೊಂದನ್ನು ಬಗ್ಗಿಸಿ ನೋಡಿದೆ. ಈಗಷ್ಟೇ ಅರಳಿದ್ದು ಬಿಳಿ, ಹಳತಾದದ್ದು ಗುಲಾಬಿ. ಗಂಡು ಹೂಗಳೇ ಹೆಚ್ಚು. ಬೀಜ ಕಟ್ಟಬಲ್ಲ ದ್ವಿಲಿಂಗಿ ಹೂ ನಡುನಡುವೆ ಒಂದೊಂದು. ಪರಾಗ ಅಂಟಂಟು, ಅದನ್ನು ಹೊತ್ತೊಯ್ಯಲು ಕೀಟವೇ ಬರಬೇಕು. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರವಿದು. ಅದರ ಹೂವನ್ನು ತಿದ್ದಿ ತೀಡಿದ್ದು ಅಲ್ಲಿನ ಕೀಟಗಳು. ಇಲ್ಲಿ ಆ ಕೆಲಸವನ್ನು ನಮ್ಮ ತುಡುವೆ ಮತ್ತು ಗುಂಪಾಗಿ ಬಾಳದ ಸಣ್ಣ ಒಂಟಿ ಜೇನ್ನೊಣಗಳು ವಹಿಸಿಕೊಂಡಿವೆ.

ಪಕ್ಕದ ಗೊಂಚಲು ಕರಟಿಹೋಗಿತ್ತು. ಟೀ ಸೊಳ್ಳೆಯ ಕೆಲಸ. ಹೆಸರು ಸೊಳ್ಳೆ, ಜಾತಿ ತಿಗಣೆಯದು. ಎಳೆ ಚಿಗುರಿಗೆ, ಹೂದಂಟಿಗೆ ಸೂಜಿಮೂತಿ ಚುಚ್ಚಿ ರಸ ಹೀರುತ್ತದೆ. ಅದರ ಜೊಲ್ಲು ತಾಗಿದಲ್ಲಿ ಕಪ್ಪು. ಕರೆಯಬೇಕಾದ ನೆಂಟ, ಓಡಿಸಬೇಕಾದ ವೈರಿ, ಇಬ್ಬರೂ ಒಂದೇ ಬಾಗಿಲಿಗೆ ಬರುತ್ತಾರೆ. ಜ್ಯೂರಿಕ್ ವಿಶ್ವವಿದ್ಯಾಲಯದವರು ಸಾಸಿವೆ ಬಳಗದ ಗಿಡವನ್ನು ಆರು ತಲೆಮಾರು ಬೆಳೆಸಿ ಈ ಪೇಚನ್ನೇ ಪರೀಕ್ಷಿಸಿದರು. ವರದಿ 2019ರಲ್ಲಿ ಬಂತು. ದುಂಬಿ ಮಾತ್ರ ಬಂದ ಗಿಡಗಳ ಸಂತತಿಯಲ್ಲಿ ಹೂವಿನ ಆಕರ್ಷಣೆ ಹೆಚ್ಚಿತು. ಕಂಬಳಿಹುಳವೂ ಎಲೆ ತಿಂದಲ್ಲಿ ಆ ಸೊಗಸು ಬರಲಿಲ್ಲ, ತನ್ನ ಪರಾಗದಿಂದ ತಾನೇ ಬೀಜ ಕಟ್ಟುವ ಗುಣ ಬಲಿಯಿತು. ಎಲೆ ತಿನ್ನುವ ಹುಳ ಹೂವಿನ ಪರಿಮಳವನ್ನು ಕಡಿಮೆ ಮಾಡಬಲ್ಲದು ಎನ್ನುವುದು ನನಗೆ ಈಗಲೂ ಬೆರಗು.

ಗೇರು ಬೇರೆ ದಾರಿ ಹಿಡಿದಿದೆ. ಸುಳ್ಯದ ಗುಡ್ಡೆಯೊಂದರಲ್ಲಿ ಅದನ್ನು ಕಂಡೆ. ಹೂವಿನೊಳಗಿನ ಮಕರಂದ ಜೇನಿಗೆ. ಎಲೆಯ ಮೇಲೆ, ಹೂದಂಟಿನ ಮೇಲೆ ಜಿನುಗುವ ಇನ್ನೊಂದು ಸಿಹಿ ಇರುವೆಗೆ. ಚಿಗಳಿ ಇರುವೆಗಳು ಎಲೆ ಹೊಲಿದು ಗೂಡು ಮಾಡಿ ಕೊಂಬೆಯುದ್ದಕ್ಕೂ ಪಹರೆ ತಿರುಗುತ್ತಿದ್ದವು.

"ಈ ಮರಕ್ಕೆ ಮದ್ದು ಬಿಡುವುದಿಲ್ವಾ ಅಣ್ಣ?" ಎಂದು ತೋಟದವರನ್ನು ಕೇಳಿದೆ.

"ಚಿಗಳಿ ಇರುವ ಮರಕ್ಕೆ ಯಾಕೆ? ಹಣ್ಣು ಕೊಯ್ಯುವಾಗ ಕಚ್ಚುತ್ತದೆ, ಅದೊಂದೇ ಉಪದ್ರ."

ಹೂ ತುಂಬಿದ ಮರಕ್ಕೆ ಹೊತ್ತು ನೋಡದೆ ಮದ್ದು ಬಿಡುವುದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಸೊಳ್ಳೆಯ ಜತೆಗೆ ಕಾವಲುಗಾರನೂ ನೆಂಟನೂ ಸಾಯುತ್ತಾರೆ.

ಸಂಜೆಯ ಮುಂಚೆ ಕಡಬ ತಾಲೂಕಿನ ಸುಬ್ರಹ್ಮಣ್ಯ ದಾಟಿ ಬಿಸಿಲೆ ಘಾಟಿಯ ತಪ್ಪಲಿಗೆ ಬಂದೆ. ಇಲ್ಲಿ ಪಶ್ಚಿಮ ಘಟ್ಟದ್ದೇ ಆದ ಹಂಬೋಲ್ಟಿಯ ಬ್ರುನೋನಿಸ್ ಇದೆ. ಎಳೆ ಎಲೆಯಲ್ಲೂ ಮೊಗ್ಗಿನಲ್ಲೂ ಇರುವೆಗೆ ಸಿಹಿ ಕೊಡುವ ಮರ. ಕೆಲವು ಮರಗಳ ಗೆಣ್ಣುಗಳ ನಡುವೆ ಕೊಂಬೆ ಉಬ್ಬಿ, ಒಳಗೆ ಪೊಳ್ಳಾಗಿ, ತಾನೇ ಒಂದು ಕಿಂಡಿ ತೆರೆದುಕೊಳ್ಳುತ್ತದೆ. ಇರುವೆಗಳಿಗೆ ಬಿಟ್ಟಿ ಮನೆ. ಬಾಡಿಗೆಯನ್ನು ಎಲ್ಲ ಇರುವೆಗಳೂ ಕೊಡುವುದಿಲ್ಲ. ಕೆಲವು ಜಾತಿಯವು ಮಾತ್ರ ಎಲೆ ಕಾಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಘಾ ಶೆಣೈ ಮತ್ತು ರೆನೀ ಬೋರ್ಜಸ್ 2008ರಲ್ಲಿ ಇದಕ್ಕಿಂತ ದೊಡ್ಡ ವಿಷಯ ಪ್ರಕಟಿಸಿದರು: ಇದೇ ಪೊಳ್ಳುಗಳಲ್ಲಿ ಬ್ರೌನ್ಸಾಪಿಸ್ ಎಂಬ ಪುಟ್ಟ ಜೇನ್ನೊಣ ವಾಸ ಮಾಡುತ್ತದೆ, ಮರದ ಹೂವಿಗೆ ಪರಾಗ ತರುವುದೂ ಅದೇ. ಕಾವಲಿನವನಿಗೆ ಕೊಡುವಂಥದ್ದೇ ಕೋಣೆ ನೆಂಟನಿಗೂ.

ಕೈಗೆಟುಕುವ ಕೊಂಬೆಯೊಂದರ ಕಿಂಡಿಗೆ ಕಣ್ಣು ಹಚ್ಚಿದೆ. ಬೆಳಕು ಕಡಿಮೆಯಾಗುತ್ತಿತ್ತು. ಒಳಗೆ ಏನೋ ಕಪ್ಪಗೆ ಅಲುಗಿ ಮತ್ತೆ ಸುಮ್ಮನಾಯಿತು. ಎರಡು ಗೇಣು ಮೇಲೆ ಬಿಳಿ ಹೂಗಳು ಅರಳಿದ್ದವು.